ಗುಡೇಕೋಟೆಯ ಕರಡಿಯೂ ಗಾಳಿಯ ದಿಕ್ಕೂ

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಸುತ್ತಣ ಗುಡ್ಡಗಳನ್ನು ನೋಡಿದವರಿಗೆ, ಯಾರೋ ಬಂಡೆಯ ಮೇಲೆ ಬಂಡೆಯನ್ನು ಪೇರಿಸಿ ಹೋದಂತೆ ತೋರುವುದು. ಆ ಬಂಡೆಗಳ ನಡುವಣ ಗವಿಗಳೇ ಕರಡಿಯ ಬೀಡು. ಇಲ್ಲಿ 2013ರಲ್ಲಿ ಕರಡಿಧಾಮ ಸ್ಥಾಪಿತವಾಯಿತು; ಹಂಪೆಯ ಬಳಿಯ ದರೋಜಿಯದು 1994ರದು. ಆದರೆ ಧಾಮದ ಎಲ್ಲೆಯನ್ನು ಕರಡಿ ಬಲ್ಲುದೆ? ಕತ್ತಲಾಗುತ್ತಲೇ ಅದು ಶೇಂಗಾ, ಮೆಕ್ಕೆಜೋಳದ ಹೊಲಗಳಿಗೂ ಇಳಿಯುತ್ತದೆ. ರಾತ್ರಿ ಪಂಪಿಗೆ ವಿದ್ಯುತ್ತು ಬಂದಾಗ ನೀರು ಹಾಯಿಸಲು ಹೊರಟ ರೈತನೂ ಅದೇ ಹೊತ್ತಿನಲ್ಲಿ ಅದೇ ದಾರಿಯಲ್ಲಿರುತ್ತಾನೆ.

ಕರಡಿ ಮನುಷ್ಯನನ್ನು ತಿನ್ನಲು ಬರುವುದಿಲ್ಲ. ಗೆದ್ದಲು, ಇರುವೆ, ಜೇನು, ಹಣ್ಣು ಇವೇ ಅದರ ಮುಖ್ಯ ಆಹಾರ. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಅದರ ಬಾಯಿಯ ರಚನೆ ವಿಶೇಷ ಕುತೂಹಲದ್ದು. ಮೇಲ್ದವಡೆಯ ನಡುವಣ ಎರಡು ಬಾಚಿಹಲ್ಲುಗಳು ಅದಕ್ಕಿಲ್ಲ. ಮೂಗಿನ ಹೊಳ್ಳೆಗಳನ್ನು ಬೇಕೆಂದಾಗ ಮುಚ್ಚಿಕೊಳ್ಳಬಲ್ಲುದು. ಹುತ್ತವನ್ನು ಉಗುರಿನಿಂದ ಬಗೆದು, ಮಣ್ಣನ್ನು ಊದಿ ಚದರಿಸಿ, ಉದ್ದ ತುಟಿಗಳನ್ನು ಕೊಳವೆಯಂತೆ ಚಾಚಿ ಜೋರಾಗಿ ಹೀರುತ್ತದೆ. ಬಾಯೊಳಗಿನ ಒತ್ತಡ ತಗ್ಗುತ್ತಲೇ ಹೊರಗಿನ ಗಾಳಿ ಗೆದ್ದಲುಗಳನ್ನು ಒಳಕ್ಕೆ ನೂಕುತ್ತದೆ. ಕರಡಿ ಹೀರಿತೆಂದು ನಾವೆನ್ನುತ್ತೇವೆ; ನೂಕುವ ಕೆಲಸವೆಲ್ಲ ವಾಯುಮಂಡಲದ್ದು! ಆ ಸದ್ದು ಬಹುದೂರ ಕೇಳಿಸುತ್ತದೆ.

ಅಪಾಯವಿರುವುದೂ ಇಲ್ಲಿಯೇ. ಉಣ್ಣುವುದರಲ್ಲಿ ಮೈಮರೆತ ಕರಡಿಗೆ ತನ್ನದೇ ಗದ್ದಲದಲ್ಲಿ ನಮ್ಮ ಹೆಜ್ಜೆಯ ಸಪ್ಪಳ ಕೇಳಿಸದು. ದೃಷ್ಟಿ ಮಂದ. ಘ್ರಾಣಶಕ್ತಿಯೇನೋ ತೀಕ್ಷ್ಣ, ಆದರೆ ವಾಸನೆ ಗಾಳಿಯೊಡನೆ ಸಾಗತಕ್ಕದ್ದು. ಗಾಳಿ ಕರಡಿಯ ಕಡೆಯಿಂದ ನಮ್ಮತ್ತ ಬೀಸುತ್ತಿದ್ದರೆ ನಮ್ಮ ಸುಳಿವು ಅದಕ್ಕೆ ಸಿಗುವುದೇ ಇಲ್ಲ. ನಾಲ್ಕು ಮಾರು ದೂರದಲ್ಲಿ ಥಟ್ಟನೆ ನಮ್ಮನ್ನು ಕಂಡಾಗ ಅದು ಓಡುವ ಬದಲು ಮೇಲೆರಗಬಹುದು. ಹುಲಿ ಚಿರತೆಗಳ ನಡುವೆ ಬಾಳಿದ ಈ ಪ್ರಾಣಿಗೆ ಎದುರುನಿಂತು ಹೋರಾಡುವುದೇ ರಕ್ಷಣೆಯ ಮಾರ್ಗವಾಯಿತೆಂದು ಪ್ರಾಣಿಶಾಸ್ತ್ರಜ್ಞರು ಊಹಿಸುತ್ತಾರೆ. ಬೆನ್ನ ಮೇಲೆ ಮರಿಗಳಿದ್ದ ತಾಯಿಯಾದರಂತೂ ಕೇಳಬೇಕಾಗಿಲ್ಲ.

ಆದುದರಿಂದ ಕತ್ತಲಲ್ಲಿ ಸದ್ದಿಲ್ಲದೆ ನಡೆಯುವುದು ಜಾಣತನವಲ್ಲ. ಇಬ್ಬರು ಮೂವರು ಕೂಡಿ, ದೀಪ ಹಿಡಿದು, ಗಟ್ಟಿಯಾಗಿ ಮಾತಾಡುತ್ತಲೋ ಕೋಲಿನಿಂದ ನೆಲ ಕುಟ್ಟುತ್ತಲೋ ಹೋಗಬೇಕು. ಗವಿಯೊಳಗೆ ಇಣುಕಬಾರದು. ನಾಯಿಯನ್ನು ನಂಬುವುದೂ ನಮಗೆ ಸರಿತೋರದು. ಅದು ಕರಡಿಯನ್ನು ಕೆಣಕಿ ಒಡೆಯನ ಬಳಿಗೇ ಓಡಿಬಂದೀತು. ದೂರದಲ್ಲಿ ಕಂಡರೆ ಓಡದೆ ಮೆಲ್ಲನೆ ಹಿಂದೆ ಸರಿಯಬೇಕು. ಮೇಲೆ ಬಿದ್ದೇಬಿಟ್ಟರೆ ಬೋರಲಾಗಿ ಮಲಗಿ, ಬೆರಳು ಹೆಣೆದು ಕತ್ತಿನ ಹಿಂಭಾಗವನ್ನು ಮುಚ್ಚಿಕೊಂಡು, ಅದು ದೂರ ಹೋಗುವವರೆಗೆ ಅಲುಗದಿರುವುದು ಮೇಲು. ಕರಡಿಯಿಂದಾಗುವ ಗಾಯಗಳಲ್ಲಿ ಘೋರವಾದವು ಮುಖದವು, ತಲೆಯವು. ಗಾಯವನ್ನು ಸಾಬೂನು ನೀರಿನಿಂದ ತೊಳೆದು ಕೂಡಲೇ ಆಸ್ಪತ್ರೆ ಸೇರಬೇಕು; ಹುಚ್ಚುನಾಯಿ ರೋಗದ ಚುಚ್ಚುಮದ್ದೂ ಬೇಕಾದೀತು.