ಹಳೆ ಮನೆ ರಿಪೇರಿಯೋ, ಹೊಸ ಮನೆಯೋ? ತೀರ್ಮಾನಿಸುವ ಮುನ್ನ...

ಮೇ ತಿಂಗಳು ಬಂತೆಂದರೆ ನಮ್ಮ ಕರಾವಳಿಯ ಅನೇಕ ಹಂಚಿನ ಮನೆಗಳಲ್ಲಿ ಒಂದೇ ಚರ್ಚೆ. ಮಳೆಗಾಲಕ್ಕೆ ಮೊದಲು ಮಾಡು ಸರಿಪಡಿಸಬೇಕು ಎನ್ನುತ್ತಾರೆ ತಾಯಿ. "ಅಮ್ಮಾ, ಎಷ್ಟು ವರ್ಷ ಹೀಗೆ ಹಂಚು ಬದಲಿಸುವುದು? ಮಂಗಳೂರಿನಲ್ಲಿ ಒಂದು ಫ್ಲಾಟ್ ತೆಗೆಯುವ" ಎನ್ನುತ್ತಾನೆ ಗಲ್ಫ್‌ನಲ್ಲಿರುವ ಮಗ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಹಣದ ಲೆಕ್ಕಕ್ಕೆ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವುದು ಒಳ್ಳೆಯದು.

ಮನೆ ಯಾರ ಹೆಸರಿನಲ್ಲಿದೆ?

ತೀರಿಹೋದ ತಂದೆಯ ಹೆಸರಿನಲ್ಲೇ ಉಳಿದ ಮನೆಗಳು ನಮ್ಮಲ್ಲಿ ಬಹಳ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರೆ ಆಸ್ತಿಯ ಮೂರರಲ್ಲಿ ಒಂದು ಪಾಲು ಪತ್ನಿಗೆ, ಉಳಿದದ್ದು ಮಕ್ಕಳೆಲ್ಲರಿಗೂ ಸಮಾನವಾಗಿ ಸೇರುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಅಷ್ಟೇ ಹಕ್ಕಿದೆ. ಇದನ್ನು ಇತ್ಯರ್ಥ ಮಾಡದೆ ಒಬ್ಬ ಮಗ ಲಕ್ಷಗಟ್ಟಲೆ ಸುರಿದು ಮನೆ ನವೀಕರಿಸಿದರೆ, ನಾಳೆ ಒಡಹುಟ್ಟಿದವರ ನಡುವೆ ಮಾತು ನಿಂತುಹೋಗುವ ಅಪಾಯವಿದೆ. ಮೊದಲು ಪಾಲುಪಟ್ಟಿ ಅಥವಾ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಲಿ. ಬ್ಯಾಂಕ್ ಸಾಲಕ್ಕೂ ಇದು ಬೇಕು.

ಮನೆಯ ಮೈಕಟ್ಟು ಹೇಗಿದೆ?

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು ನಮ್ಮ ಊರಿನ ಗುರುತಾದವು. ಒಡೆದ ಹಂಚು ದೊಡ್ಡ ಸಮಸ್ಯೆಯಲ್ಲ. ನೋಡಬೇಕಾದದ್ದು ಮರವನ್ನು. ಪಕ್ಕಾಸುಗಳು ಗೋಡೆಯ ಮೇಲೆ ಕೂರುವ ಜಾಗದಲ್ಲಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಸುಲಭವಾಗಿ ಒಳಹೋದರೆ ಗೆದ್ದಲು ಅಥವಾ ಕೊಳೆತ ಇದೆಯೆಂದು ತಿಳಿಯಿರಿ. ಮಾಡು ಕೆಟ್ಟು ಗೋಡೆ ಗಟ್ಟಿಯಿದ್ದರೆ ರಿಪೇರಿ ಲಾಭಕರ. ಗೋಡೆ ಬಿರುಕುಬಿಟ್ಟು ಅಡಿಪಾಯ ಕುಸಿಯುತ್ತಿದ್ದರೆ ಬಣ್ಣ ಬಳಿದು ಪ್ರಯೋಜನವಿಲ್ಲ.

ಹಳೆ ಗೋಡೆಯ ಮೇಲೆ ಸ್ಲ್ಯಾಬ್ ಹಾಕುವ ಆಸೆ ಅನೇಕರಿಗಿದೆ. 5 ಇಂಚಿನ ಕಾಂಕ್ರೀಟ್ ಸ್ಲ್ಯಾಬ್ ಚದರ ಮೀಟರಿಗೆ ಸುಮಾರು 300 ಕಿಲೋ ಭಾರವಿರುತ್ತದೆ. ಹಂಚಿನ ಮಾಡಿನ ಭಾರ ಇದರ ಸಣ್ಣ ಅಂಶ ಮಾತ್ರ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಗೋಡೆ ಅಷ್ಟು ಭಾರ ತಾಳೀತೇ ಎಂಬುದನ್ನು ಇಂಜಿನಿಯರರೇ ಹೇಳಬೇಕು, ಮೇಸ್ತ್ರಿಯಲ್ಲ.

ಅಲ್ಲಿ ವಾಸಿಸುವವರು ಯಾರು?

ವಯಸ್ಸಾದವರಿಗೆ ಹಳೆ ಮನೆಯಲ್ಲಿ ಕಷ್ಟವಾಗುವುದು ಹೆಚ್ಚಾಗಿ ಹೊರಗಿರುವ ಶೌಚಾಲಯ, ಎತ್ತರದ ಹೊಸ್ತಿಲು, ಜಾರುವ ಅಂಗಳ. ಒಳಗೊಂದು ಬಚ್ಚಲು, ಹಿಡಿಕೆ, ಮೆಟ್ಟಿಲ ಬದಲು ಇಳಿಜಾರು ಮಾಡಿಸಿದರೆ ಇವು ಬಗೆಹರಿಯುತ್ತವೆ. ಆದರೆ ಆಸ್ಪತ್ರೆ ದೂರವಿದ್ದು, ರಾತ್ರಿ ಕರೆದರೆ ಬರುವ ನೆರೆಯವರೂ ಇಲ್ಲದಿದ್ದರೆ ಫ್ಲಾಟ್ ಸುರಕ್ಷಿತ.

ಈಗ ಹಣದ ಲೆಕ್ಕ

ಫ್ಲಾಟಿನ ಬೆಲೆಯೊಂದೇ ಖರ್ಚಲ್ಲ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. 60 ಲಕ್ಷದ ಫ್ಲಾಟಿಗೆ ಇವೆರಡೇ 4 ಲಕ್ಷ 20 ಸಾವಿರ, ಸೆಸ್ ಬೇರೆ. ಇನ್ನೂ ಕಟ್ಟುತ್ತಿರುವ ಫ್ಲಾಟಾದರೆ ಶೇ. 5 ಜಿಎಸ್‌ಟಿ, ಅಂದರೆ ಮತ್ತೆ 3 ಲಕ್ಷ. ಆಮೇಲೆ ಪ್ರತಿ ತಿಂಗಳ ನಿರ್ವಹಣಾ ಶುಲ್ಕ. ಕಟ್ಟಡ ರೇರಾದಲ್ಲಿ ನೋಂದಣಿಯಾಗಿದೆಯೇ ಎಂದು ತಪ್ಪದೆ ನೋಡಿ.

ಸಾಲದಲ್ಲಿಯೂ ವ್ಯತ್ಯಾಸವಿದೆ. ಹಳೆ ತೆರಿಗೆ ಪದ್ಧತಿಯಲ್ಲಿರುವವರಿಗೆ ವಾಸದ ಮನೆ ಕೊಳ್ಳುವ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ರಿಯಾಯಿತಿ. ರಿಪೇರಿ ಸಾಲಕ್ಕೆ 30 ಸಾವಿರ ಮಾತ್ರ.

ಇನ್ನೊಂದು ಮಾತು. ಫ್ಲಾಟಿಗೆ ಹೋದೊಡನೆ ಹಳೆ ಮನೆಯ ಖರ್ಚು ನಿಲ್ಲುವುದಿಲ್ಲ. ಬೀಗ ಹಾಕಿದ ಹಂಚಿನ ಮನೆ ಎರಡು ಮಳೆಗಾಲದಲ್ಲೇ ಸೋತುಹೋಗುತ್ತದೆ. ಆದ್ದರಿಂದ ಮಾರುವುದೋ, ಬಾಡಿಗೆಗೆ ಕೊಡುವುದೋ ಮೊದಲೇ ನಿಶ್ಚಯಿಸಿ. ಸಂದೇಹವಿದ್ದರೆ ಒಂದು ಮಳೆಗಾಲ ಬಾಡಿಗೆ ಫ್ಲಾಟಿನಲ್ಲಿದ್ದು ನೋಡಿ; ಮಾರಿದ ಮನೆ ಮರಳಿ ಸಿಗದು.

ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳು ಫೋನಿನಲ್ಲಿ ತಮ್ಮತಮ್ಮೊಳಗೆ ತೀರ್ಮಾನಿಸಿ ತಾಯಿಗೆ ತಿಳಿಸುವುದು ಬೇಡ. ರಜೆಯಲ್ಲಿ ಎಲ್ಲರೂ ಊರಿಗೆ ಬಂದಾಗ ಒಟ್ಟಿಗೆ ಕುಳಿತು ಮೊದಲು ಅವರನ್ನೇ ಕೇಳಿ. ಆ ಮನೆಯಲ್ಲಿ ದಿನದ 24 ಗಂಟೆ ಕಳೆಯಬೇಕಾದವರು ಅವರು.