ಅಟ್ಟದ ಮೇಲೆ ಮಲಗಿದ್ದ ಏಳು ಹಾಡು

ನಮ್ಮಲ್ಲಿ ಸಿನಿಮಾ ಬಿಡುಗಡೆಗೆ ಶುಕ್ರವಾರ ಹೇಗೋ, ಜಗತ್ತಿನ ಬಹುಪಾಲು ದೇಶಗಳಲ್ಲಿ ಹೊಸ ಹಾಡುಗಳ ಬಿಡುಗಡೆಗೂ 2015ರ ಜುಲೈನಿಂದ ಶುಕ್ರವಾರವೇ ಮುಹೂರ್ತ. ಮಗ ಅಥವಾ ಮಗಳು ಅಂದು ಸಂಜೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೂಲೆ ಹಿಡಿದರೆ ಏನು ಕೇಳುತ್ತಿದ್ದಾರೆಂದು ಒಮ್ಮೆ ವಿಚಾರಿಸಿ ನೋಡಿ. 'ಇಂಡಿ' ಎಂಬ ಉತ್ತರ ಬಂದರೆ ಗಾಬರಿ ಬೇಡ. ನಿಂಬೆಹಣ್ಣಿಗೆ ಹೆಸರಾದ ವಿಜಯಪುರ ಜಿಲ್ಲೆಯ ಇಂಡಿಗೂ ಇದಕ್ಕೂ ಸಂಬಂಧವಿಲ್ಲ! 'ಇಂಡಿಪೆಂಡೆಂಟ್' ಎಂಬ ಪದದ ಬಾಲ ಕತ್ತರಿಸಿದಾಗ ಉಳಿದದ್ದು ಇದು. ದೊಡ್ಡ ಕಂಪೆನಿಗಳ ಹಂಗಿಲ್ಲದೆ, ಸ್ವಂತ ಖರ್ಚಿನಲ್ಲೋ ಸಣ್ಣ ಸಂಸ್ಥೆಯೊಂದರ ನೆರವಿನಲ್ಲೋ ಹೊರಬರುವ ಹಾಡುಗಳಿಗೆ ಈ ಹೆಸರು.

ವಾರವಾರವೂ ರಾಶಿರಾಶಿ ಹಾಡು ಬರುತ್ತವೆ. ಮುಂದಿನ ಶುಕ್ರವಾರದ ಹೊತ್ತಿಗೆ ಅವುಗಳಲ್ಲಿ ಎಷ್ಟೋ ಮರೆತುಹೋಗುತ್ತವೆ. ಹಾಗೆ ಮರೆತುಹೋದ ಹಾಡೊಂದು ಮೂರು ದಶಕಗಳ ನಂತರ ಎದ್ದು ಬರಬಹುದೆ? ಅಮೆರಿಕದ ಡೆಟ್ರಾಯಿಟ್ ನಗರದ ಮೂವರು ಅಣ್ಣತಮ್ಮಂದಿರ ವಿಷಯದಲ್ಲಿ ಹಾಗಾಯಿತು. ಎಬ್ಬಿಸಿದವರು ಮಕ್ಕಳು ಎಂಬುದೇ ಇಲ್ಲಿನ ಸ್ವಾರಸ್ಯ.

ಡೇವಿಡ್, ಬಾಬಿ ಮತ್ತು ಡ್ಯಾನಿಸ್ ಹ್ಯಾಕ್ನಿ ಕಪ್ಪುಜನರ ಕುಟುಂಬವೊಂದರ ಮಕ್ಕಳು. 1964ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ 'ಬೀಟಲ್ಸ್' ತಂಡ ಅಮೆರಿಕದ ಟಿ.ವಿ.ಯಲ್ಲಿ ಮೊದಲ ಸಲ ಹಾಡಿದಾಗ, ಮಕ್ಕಳನ್ನು ಕೂರಿಸಿ ಅದನ್ನು ತೋರಿಸಿದವರು ಅವರ ತಂದೆ. ಮುಂದೆ ಡೇವಿಡ್ ಗಿಟಾರ್ ಹಿಡಿದ, ಬಾಬಿ ಬೇಸ್ ಗಿಟಾರ್ ನುಡಿಸುತ್ತ ಹಾಡಿದ, ಡ್ಯಾನಿಸ್ ಡ್ರಮ್ಸ್ ಬಾರಿಸಿದ. ಮನೆಯ ಮಲಗುವ ಕೋಣೆಯೇ ಅಭ್ಯಾಸದ ಕೊಠಡಿ. ಡೆಟ್ರಾಯಿಟ್ ಎಂದರೆ 'ಮೋಟೌನ್' ಕಂಪೆನಿಯ ಇಂಪಾದ ಹಾಡುಗಳ ತವರು. ಕಪ್ಪು ಹುಡುಗರು ಅಂಥದ್ದನ್ನೇ ಹಾಡಬೇಕೆಂಬುದು ಊರಿನ ನಿರೀಕ್ಷೆ. ಮೊದಮೊದಲು ಇವರೂ 'ಫಂಕ್' ಶೈಲಿಯನ್ನೇ ನುಡಿಸುತ್ತಿದ್ದರು. 'ದಿ ಹೂ' ಮತ್ತು ಆಲಿಸ್ ಕೂಪರ್ ಅವರ ಕಛೇರಿಗಳನ್ನು ಕಂಡ ಮೇಲೆ ಮನಸ್ಸು ಬದಲಾಯಿತು. ಜೋರಾದ, ವೇಗದ ರಾಕ್ ಸಂಗೀತವೇ ತಮ್ಮದೆಂದು ಹಟ ಹಿಡಿದರು.

ಅಷ್ಟರಲ್ಲಿ ಕುಡಿದು ವಾಹನ ಓಡಿಸುತ್ತಿದ್ದವನೊಬ್ಬ ಮಾಡಿದ ಅಪಘಾತದಲ್ಲಿ ತಂದೆ ತೀರಿಕೊಂಡರು. ಆ ದುಃಖದಲ್ಲೇ ಡೇವಿಡ್ ತಂಡಕ್ಕೆ ಹೊಸ ಹೆಸರಿಟ್ಟ: 'ಡೆತ್'. ಹೌದು, ಸಾವು! ಹೆದರಿಸುವ ಉದ್ದೇಶ ಅವನದಲ್ಲ. ಹುಟ್ಟಿನಷ್ಟೇ ಸಹಜವಾದದ್ದು ಸಾವು, ಅದನ್ನು ಅಂಜದೆ ನೋಡಬೇಕು ಎಂಬುದು ಅವನ ತಾತ್ಪರ್ಯವಾಗಿತ್ತು.

1975ರಲ್ಲಿ ಡೆಟ್ರಾಯಿಟ್‌ನ ಯುನೈಟೆಡ್ ಸೌಂಡ್ ಸ್ಟುಡಿಯೋದಲ್ಲಿ ಏಳು ಹಾಡುಗಳ ಧ್ವನಿಮುದ್ರಣ ನಡೆಯಿತು. ಆಗಿನ ಸಂಗೀತೋದ್ಯಮದ ಘಟಾನುಘಟಿ ಕ್ಲೈವ್ ಡೇವಿಸ್‌ಗೆ ಹಾಡುಗಳು ಹಿಡಿಸಿದವು, ಹೆಸರು ಹಿಡಿಸಲಿಲ್ಲ. ಹೆಸರು ಬದಲಿಸಿದರೆ ಒಪ್ಪಂದ, ಇಲ್ಲವಾದರೆ ಇಲ್ಲ ಎಂಬ ಷರತ್ತು ಬಂತು. ತಮ್ಮಂದಿರಿಗೆ ಒಪ್ಪಿಕೊಳ್ಳೋಣ ಎನಿಸಿತ್ತು. ಡೇವಿಡ್ ಸುತರಾಂ ಒಪ್ಪಲಿಲ್ಲ. ಹೆಸರು ಬಿಟ್ಟುಕೊಟ್ಟರೆ ಎಲ್ಲವನ್ನೂ ಬಿಟ್ಟುಕೊಟ್ಟಂತೆ ಎಂಬುದು ಅವನ ವಾದ. ತಮ್ಮಂದಿರು ಅಣ್ಣನ ಮಾತು ಮೀರಲಿಲ್ಲ.

ಪೋಷಕರೇ, ನಿಮ್ಮ ಮಗ ಇಂಥ ಅವಕಾಶವನ್ನು ಕೈಬಿಟ್ಟು ಮನೆಗೆ ಬಂದಿದ್ದರೆ ಏನನ್ನುತ್ತಿದ್ದಿರಿ? 'ಹೆಸರಿನಲ್ಲೇನಿದೆ, ಬದಲಿಸಿಬಿಡು' ಎಂದು ನಮ್ಮಲ್ಲಿ ಹೆಚ್ಚಿನವರು ಗದರುತ್ತಿದ್ದೆವು. ಆ ಮಾತೂ ತಪ್ಪಲ್ಲ, ಮನೆ ನಡೆಯಬೇಕಲ್ಲ! ಆದರೆ ಆ ಹೆಸರು ಸತ್ತ ತಂದೆಯ ನೆನಪಿನಿಂದ ಬಂದದ್ದು ಎಂಬುದನ್ನು ಮರೆತು ಅವನನ್ನು ಮೊಂಡ ಎನ್ನಲು ನನಗಂತೂ ಮನಸ್ಸಿಲ್ಲ.

ಒಪ್ಪಂದ ಮುರಿದ ಮೇಲೆ, 1976ರಲ್ಲಿ, ಏಳರಲ್ಲಿ ಎರಡು ಹಾಡುಗಳ ಪುಟ್ಟ ಪ್ಲೇಟನ್ನು ತಾವೇ ಹೊರತಂದರು. ಅಚ್ಚು ಹಾಕಿಸಿದ್ದು ಬರೀ 500 ಪ್ರತಿ. 'ಪೊಲಿಟಿಷಿಯನ್ಸ್ ಇನ್ ಮೈ ಐಸ್' ಎಂಬುದು ಒಂದು ಬದಿಯ ಹಾಡು. ಅದೇ ವರ್ಷ ನ್ಯೂಯಾರ್ಕಿನ 'ರಮೋನ್ಸ್' ತಂಡದ ಮೊದಲ ಆಲ್ಬಂ ಬಂದು 'ಪಂಕ್ ರಾಕ್' ಎಂಬ ಮಾತು ಪ್ರಸಿದ್ಧವಾಯಿತು. ಅದೇ ಬಗೆಯ ಸಂಗೀತವನ್ನು ಹಿಂದಿನ ವರ್ಷವೇ ಮುದ್ರಿಸಿಟ್ಟಿದ್ದ ಹ್ಯಾಕ್ನಿ ಸೋದರರನ್ನು ಕೇಳುವವರೇ ಇಲ್ಲ! 1977ರಲ್ಲಿ ಮೂವರೂ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ಊರಿಗೆ ಹೋದರು. ಬೇರೆ ಹೆಸರಿನಲ್ಲಿ ಭಕ್ತಿಗೀತೆಗಳ ಎರಡು ಆಲ್ಬಂ ಮಾಡಿದರು. ಡೇವಿಡ್ ಊರಿಗೆ ಮರಳಿದ. ಬಾಬಿ, ಡ್ಯಾನಿಸ್ ಅಲ್ಲೇ ನೆಲೆಸಿ ರೆಗೆ ಸಂಗೀತ ನುಡಿಸುತ್ತ ಸಂಸಾರ ಕಟ್ಟಿದರು. ಮುದ್ರಿತ ಟೇಪುಗಳನ್ನು ತಮ್ಮನಿಗೆ ಒಪ್ಪಿಸಿದ ಡೇವಿಡ್, ಜಗತ್ತು ಒಂದಲ್ಲ ಒಂದು ದಿನ ಇವನ್ನು ಹುಡುಕಿಕೊಂಡು ಬರುತ್ತದೆ, ಜೋಪಾನ ಎಂದಿದ್ದ. 2000ದಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ಅವನು ತೀರಿಕೊಂಡ. ಟೇಪುಗಳು ಅಟ್ಟ ಸೇರಿದವು.

ವಿಜ್ಞಾನದ ಮೇಷ್ಟ್ರಾದ ನನಗೆ ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ಟೇಪ್ ಎಂದರೆ ತೆಳುವಾದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ನುಣ್ಣನೆಯ ಪುಡಿ. ಧ್ವನಿಗೆ ತಕ್ಕಂತೆ ಏರಿಳಿಯುವ ವಿದ್ಯುತ್ ಪ್ರವಾಹ ಒಂದು ಪುಟ್ಟ ವಿದ್ಯುತ್ಕಾಂತದಲ್ಲಿ ಹರಿದಾಗ, ಆ ಪುಡಿಯ ಕಣಗಳು ಅದೇ ಏರಿಳಿತದಲ್ಲಿ ಕಾಂತತ್ವ ಪಡೆಯುತ್ತವೆ. ಅದೇ ದಾಖಲೆ. ಕಾಂತತ್ವ ದಶಕಗಟ್ಟಲೆ ಉಳಿಯಬಲ್ಲದು. ಕೈಕೊಡುವುದು ಪುಡಿಯನ್ನು ಪಟ್ಟಿಗೆ ಹಿಡಿದಿಡುವ ಅಂಟು. ಎಪ್ಪತ್ತರ ದಶಕದ ಅನೇಕ ಟೇಪುಗಳ ಅಂಟು ಗಾಳಿಯ ತೇವ ಹೀರಿ ಜಿಗಟಾಗುತ್ತದೆ. ಅವಸರಪಟ್ಟು ಹಾಕಿದರೆ ಪುಡಿ ಕಿತ್ತುಬಂದು ಹಾಡೇ ಹೋದೀತು. ಇಂಥ ಟೇಪುಗಳನ್ನು ತಜ್ಞರು ಸುಮಾರು 50 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು, ತೇವ ಆರಿಸಿ, ಕೂಡಲೇ ಪ್ರತಿ ತೆಗೆದುಕೊಳ್ಳುತ್ತಾರೆ. (ಇದನ್ನು ಮನೆಯ ಒಲೆಯ ಮೇಲೆ ಪ್ರಯೋಗಿಸಬೇಡಿ!)

ಇತ್ತ ಆ 500 ಪ್ಲೇಟುಗಳು ಕೈಯಿಂದ ಕೈಗೆ ಹೋಗಿ, ಹಳೆಯ ಪ್ಲೇಟು ಸಂಗ್ರಹಿಸುವ ಹವ್ಯಾಸಿಗಳಿಗೆ ಸಿಕ್ಕಿದ್ದವು. ನೂರಾರು ಡಾಲರ್ ಕೊಟ್ಟು ಕೊಳ್ಳುವವರೂ ಇದ್ದರು. 2008ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿದ್ದ ಬಾಬಿಯ ಮಗ ಜೂಲಿಯನ್‌ನ ಕಿವಿಗೆ ಈ ಹಾಡು ಬಿತ್ತು. ಅದು ಅಪ್ಪನ ಕಂಠ! ಅಪ್ಪ ಇಂಥ ತಂಡದಲ್ಲಿದ್ದ ಸಂಗತಿಯೇ ಮಕ್ಕಳಿಗೆ ಗೊತ್ತಿರಲಿಲ್ಲ. ಯಾರೂ ಕೇಳದ ಹಾಡಿನ ಕಥೆಯನ್ನು ಮಕ್ಕಳಿಗೆ ಹೇಳುವುದು ಯಾವ ಅಪ್ಪನಿಗೆ ಸುಲಭ? ಮನೆಗೆ ಸುದ್ದಿ ಹೋಯಿತು, ಅಟ್ಟದ ಟೇಪುಗಳು ಕೆಳಗಿಳಿದವು.

2009ರಲ್ಲಿ ಷಿಕಾಗೋದ 'ಡ್ರ್ಯಾಗ್ ಸಿಟಿ' ಎಂಬ ಇಂಡಿ ಸಂಸ್ಥೆ ಏಳೂ ಹಾಡುಗಳನ್ನು '...ಫಾರ್ ದಿ ಹೋಲ್ ವರ್ಲ್ಡ್ ಟು ಸೀ' ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿತು. ತಂಡದ ಹೆಸರು ಮಾತ್ರ 'ಡೆತ್' ಎಂದೇ ಉಳಿಯಿತು. ಬಾಬಿ ಮತ್ತು ಡ್ಯಾನಿಸ್ ಅಣ್ಣನ ಜಾಗಕ್ಕೆ ತಮ್ಮ ರೆಗೆ ತಂಡದ ಗೆಳೆಯನನ್ನು ಕರೆದುಕೊಂಡು ಅದೇ ವರ್ಷ ಮತ್ತೆ ವೇದಿಕೆ ಹತ್ತಿದರು. 2012ರಲ್ಲಿ ಇವರ ಬಗ್ಗೆ ಸಾಕ್ಷ್ಯಚಿತ್ರವೂ ಬಂತು. ಬಾಬಿಯ ಮಕ್ಕಳು ಈ ಹಾಡುಗಳನ್ನು ನುಡಿಸಲೆಂದೇ ಒಂದು ತಂಡ ಕಟ್ಟಿ 'ರಫ್ ಫ್ರಾನ್ಸಿಸ್' ಎಂದು ಕರೆದುಕೊಂಡರು. ಅದು ದೊಡ್ಡಪ್ಪ ಡೇವಿಡ್ ಕೊನೆಗಾಲದಲ್ಲಿ ತನಗೆ ಇಟ್ಟುಕೊಂಡಿದ್ದ ಹೆಸರು. ಮುಂದೆ ಆ ಹುಡುಗರು ಸ್ವಂತ ಹಾಡುಗಳನ್ನೂ ಹೊರತಂದರು.

ಏಳೂ ಹಾಡು ಸೇರಿ ಅರ್ಧ ಗಂಟೆಯೂ ಆಗದು. ಮಕ್ಕಳು ಹುಡುಕಿ ಕೊಡಲಿ, ಅಪ್ಪ ಅಮ್ಮ ಪಕ್ಕದಲ್ಲಿ ಕುಳಿತು ಕೇಳಲಿ. ಸದ್ದು ಬಹಳ ಜೋರು. ಪಕ್ಕದ ಮನೆಯಲ್ಲಿ ಯಾರಿಗೂ ಪರೀಕ್ಷೆ ಇಲ್ಲದ ದಿನ ನೋಡಿಕೊಳ್ಳಿ.