ಗಾಜಿನ ನಳಿಕೆಯಲ್ಲಿ ಹತ್ತಿಯ ಗಿಡ

ಬೆರಳುದ್ದದ ಹತ್ತಿಯ ಸಸಿಯ ದಂಟನ್ನು ಕತ್ತರಿಸಿ, ಆ ಚೂರುಗಳಿಂದಲೇ ಹೊಸ ಗಿಡಗಳನ್ನು ಪಡೆಯಬಹುದೆಂದರೆ ನಂಬುವಿರಾ? ಸಸ್ಯದ ಒಂದೊಂದು ಜೀವಕೋಶದಲ್ಲಿಯೂ ಪೂರ್ಣ ಗಿಡವಾಗುವ ಶಕ್ತಿ ಅಡಗಿದೆಯೆಂದು ಹೇಬರ್‌ಲಾಂಟ್ ಎಂಬ ವಿಜ್ಞಾನಿ 1902ರಲ್ಲಿಯೇ ಊಹಿಸಿದ್ದನು. 1958ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸ್ಟೀವರ್ಡ್ ಗಜ್ಜರಿಯ ಜೀವಕೋಶಗಳಿಂದ ಗಿಡ ಬೆಳೆಸಿ ಅದನ್ನು ನಿಜವಾಗಿಸಿದನು.

ಆದರೆ ಹತ್ತಿ ಗಜ್ಜರಿಯಷ್ಟು ಸಾಧುವಲ್ಲ. ಅದು ಒಲಿಯಲು ಮತ್ತೆ ಇಪ್ಪತ್ತೈದು ವರ್ಷಗಳು ಬೇಕಾದವು. 1983ರಲ್ಲಿ ಡೇವಿಡೋನಿಸ್ ಮತ್ತು ಹ್ಯಾಮಿಲ್ಟನ್ ಎಂಬ ಸಂಶೋಧಕರು ಬೀಜದಳದಿಂದ ಬೆಳೆಸಿ ಎರಡು ವರ್ಷ ಕಾಪಾಡಿದ್ದ ಜೀವಕೋಶಗಳ ಮುದ್ದೆಯಿಂದ ಗಿಡಗಳನ್ನು ಪಡೆದರು.

ಕೆಲಸದ ಕ್ರಮ ಹೀಗಿದೆ. ಬೀಜವನ್ನು ಕ್ರಿಮಿನಾಶಕ ದ್ರವದಲ್ಲಿ ತೊಳೆದು ನಳಿಕೆಯಲ್ಲಿ ಮೊಳೆಯಿಸುತ್ತಾರೆ. ಎಳೆಯ ದಂಟಿನ ಚೂರುಗಳನ್ನು ಸಕ್ಕರೆ, ಲವಣ, ಹಾರ್ಮೋನುಗಳನ್ನು ಬೆರೆಸಿದ ಅಗರ್ ಪಾಕದ ಮೇಲಿಡುತ್ತಾರೆ. ಕೆಲವು ವಾರಗಳಲ್ಲಿ ರೂಪವಿಲ್ಲದ ಮುದ್ದೆಯೊಂದು ಬೆಳೆಯುತ್ತದೆ. ಇದಕ್ಕೆ ಕ್ಯಾಲಸ್ ಎಂದು ಹೆಸರು. ಇದನ್ನು ಬೇರೆ ಪಾಕಕ್ಕೆ ವರ್ಗಾಯಿಸುತ್ತ ತಿಂಗಳುಗಟ್ಟಲೆ ಕಾಯಬೇಕು. ಎಷ್ಟೋ ಮುದ್ದೆಗಳು ಕಂದುಗಟ್ಟಿ ಸಾಯುತ್ತವೆ. ಅದೃಷ್ಟವಿದ್ದರೆ ಕೆಲವುಗಳಲ್ಲಿ ಪುಟ್ಟ ಭ್ರೂಣಗಳು ಮೂಡಿ ಸಸಿಗಳಾಗುತ್ತವೆ. ಆ ಸಸಿಗಳಲ್ಲಿಯೂ ಕೆಲವು ಬಂಜೆ! ನಳಿಕೆಯ ತೇವದಲ್ಲಿ ಬೆಳೆದ ಎಲೆಗಳು ಹೊರಗಿನ ಗಾಳಿಗೆ ಬಾಡುವುದರಿಂದ, ಕುಂಡಕ್ಕೆ ನೆಟ್ಟ ಮೇಲೂ ಅವನ್ನು ಕೆಲಕಾಲ ಮುಚ್ಚಿಯೇ ಸಲಹಬೇಕು.

ಇಷ್ಟೆಲ್ಲ ಶ್ರಮಕ್ಕೂ ಸುಲಭವಾಗಿ ಬಗ್ಗುವುದು ಕೋಕರ್ ಎಂಬ ಅಮೆರಿಕದ ಹಳೆಯ ತಳಿ ಮತ್ತು ಅದರಂಥ ಕೆಲವು ಮಾತ್ರ. ಇದೇ ದೊಡ್ಡ ತೊಡಕು. ಹತ್ತಿಗೆ ಹೊಸ ಗುಣವೊಂದನ್ನು ಸೇರಿಸಬೇಕಾದರೆ ಅದನ್ನು ಜೀವಕೋಶಕ್ಕೆ ಸೇರಿಸಿ, ಆ ಕೋಶದಿಂದ ಗಿಡವನ್ನು ಎಬ್ಬಿಸಬೇಕಷ್ಟೆ. ಆದುದರಿಂದ ಗುಣ ಮೊದಲು ಕೋಕರಿಗೆ. ಅಲ್ಲಿಂದ ವರ್ಷಗಟ್ಟಲೆ ಸಂಕರ ಮಾಡಿ ಇತರ ತಳಿಗಳಿಗೆ. 2002ರಲ್ಲಿ ಭಾರತದಲ್ಲಿ ಅನುಮತಿ ಪಡೆದ, ಕಾಯಿಕೊರಕ ಹುಳುವನ್ನು ತಡೆಯುವ ಬಿ.ಟಿ. ಹತ್ತಿಯ ಮೂಲವೂ ಕೋಕರ್ 312.

ನಮ್ಮ ದೇಶೀ ಹತ್ತಿಗಳು ಈ ವಿಷಯದಲ್ಲಿ ಇನ್ನೂ ಹಠಮಾರಿಗಳು. ಧಾರವಾಡದ ಕಡೆಯ ಕರಿ ಎರೆ ಮಣ್ಣಿನಲ್ಲಿ ಮಳೆಯನ್ನಷ್ಟೇ ನಂಬಿ ಬೆಳೆದ ಜಯಧರ ಅಂಥದೇ ಗುಂಪಿಗೆ ಸೇರಿದ್ದು. ಇದಕ್ಕಾಗಿ ಕ್ಯಾಲಸಿನ ಹಾದಿಯನ್ನೇ ಬಿಟ್ಟು, ಸಸಿಯ ಬೆಳೆಯುವ ಕುಡಿಯನ್ನು ಕತ್ತರಿಸಿ ನಳಿಕೆಯಲ್ಲಿಡುವ ಉಪಾಯವಿದೆ. ಕುಡಿಗೆ ತಳಿಭೇದದ ಹಠ ಕಡಿಮೆ. ಅದು ನೇರವಾಗಿ ಚಿಗುರುತ್ತದೆ. ಆದರೆ ಅದರಲ್ಲಿ ಕೋಶಗಳು ಹಲವು. ಹೊಸ ಗುಣ ಕೆಲವಕ್ಕಷ್ಟೇ ತಲುಪಿದರೆ ಗಿಡದ ಒಂದು ಕೊಂಬೆಯಲ್ಲಿ ಗುಣವಿರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ.